ಎಂಜಿನ್ನಿನ ಗಣಕ: ಆಯ್ಕೆ ಮತ್ತು ಹದ

ಸೊಲ್ಲಾಪುರದಿಂದ ಹೈದರಾಬಾದಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65 ನಮ್ಮ ಉಮರ್ಗಾವನ್ನು ಹಾದುಹೋಗುತ್ತದೆ. ಕಾಸಾರಶಿರಸಿ, ನಿಲಂಗಾ, ಉದಗೀರ ಭಾಗಗಳ ಅನೇಕ ತರುಣರು ಇದೇ ದಾರಿ ಹಿಡಿದು ಸೊಲ್ಲಾಪುರ, ಪುಣೆ, ಹೈದರಾಬಾದು, ಬೆಂಗಳೂರುಗಳ ಗ್ಯಾರೇಜುಗಳನ್ನು ಸೇರುತ್ತಾರೆ. ಹಬ್ಬಕ್ಕೆಂದು ಊರಿಗೆ ಬಂದಾಗ ಅವರ ಬಾಯಲ್ಲಿ ಪಾನಾ, ಪ್ಲಗ್ಗುಗಳಿಗಿಂತ ‘ಇ.ಸಿ.ಯು.’, ‘ಮ್ಯಾಪು’, ‘ಟ್ಯೂನಿಂಗು’ ಎಂಬ ಮಾತುಗಳೇ ಹೆಚ್ಚು. ಕಾರಿಗೆ ಬೇರೆ ಗಣಕ ಕೂಡಿಸುತ್ತೇನೆ, ಹಣ ಬೇಕು ಎಂದು ಮಗ ಕೇಳಿದಾಗ, ಅದು ಶೋಕಿಯೋ ಹೊಟ್ಟೆಪಾಡಿನ ವಿದ್ಯೆಯೋ ತಿಳಿಯದೆ ಹಿರಿಯರು ಸುಮ್ಮನಾಗುತ್ತಾರೆ. ಅಂಥ ಹಿರಿಯರಿಗೂ ಆ ತರುಣರಿಗೂ ಒಟ್ಟಿಗೆ ಉಪಯೋಗವಾಗಲೆಂದು ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಾರ್ಬುರೇಟರಿನಿಂದ ಗಣಕದವರೆಗೆ

1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800 ಕಾರಿನಲ್ಲಿ ಮೊದಲಿಗೆ ಇದ್ದುದು ಕಾರ್ಬುರೇಟರು. ಒಳಗೆ ನುಗ್ಗುವ ಗಾಳಿಯ ಸೆಳೆತಕ್ಕೆ ಪೆಟ್ರೋಲು ತಾನಾಗಿ ಜಿನುಗಿ ಬೆರೆಯುತ್ತಿತ್ತು. ಅನುಭವಿ ಮಿಸ್ತ್ರಿ ತಿರುಪು ತಿರುಗಿಸಿ, ಕಿವಿಗೊಟ್ಟು ಕೇಳಿ, ಎಂಜಿನ್ನಿನ ಹದ ಹಿಡಿಯುತ್ತಿದ್ದ. ಹೊರದೇಶಗಳಲ್ಲಿ ಬದಲಾವಣೆ ಅದಕ್ಕೂ ಮೊದಲೇ ಆರಂಭವಾಗಿತ್ತು. ಜರ್ಮನಿಯ ಬಾಷ್ ಸಂಸ್ಥೆ 1967ರಲ್ಲಿ ವಿದ್ಯುನ್ಮಾನದಿಂದ ಪೆಟ್ರೋಲು ಚಿಮ್ಮಿಸುವ ‘ಡಿ-ಜೆಟ್ರಾನಿಕ್’ ವ್ಯವಸ್ಥೆಯನ್ನು ಹೊರತಂದಿತು. 1979ರಲ್ಲಿ ಪೆಟ್ರೋಲು ಮತ್ತು ಕಿಡಿ ಎರಡನ್ನೂ ಒಂದೇ ಗಣಕ ನೋಡಿಕೊಳ್ಳುವ ‘ಮೋಟ್ರಾನಿಕ್’ ಬಂದಿತು. ಇದೇ ಬಾಷ್ ಬಳಗದ ಭಾರತೀಯ ಸಂಸ್ಥೆ 1951ರಲ್ಲಿ ‘ಮೈಕೊ’ ಎಂಬ ಹೆಸರಿನಲ್ಲಿ ಸ್ಥಾಪನೆಗೊಂಡು, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಮನೆಮಾತಾದದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಇಂದು ಅದರ ಎಂಜಿನಿಯರರು ಅದೇ ಬೆಂಗಳೂರಿನಲ್ಲಿ ವಾಹನಗಳ ಗಣಕಗಳಿಗೆ ತಂತ್ರಾಂಶವನ್ನೂ ಬರೆಯುತ್ತಾರೆ.

ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರು ಹಿಂದೆ ಸರಿಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಯಾದ ಮೇಲೆ ಹೊಸ ಕಾರೆಂದರೆ ಗಣಕವುಳ್ಳ ಕಾರೇ ಎಂದಾಯಿತು.

ಗಣಕ ಮಾಡುವ ಲೆಕ್ಕ

ಈ ಗಣಕ ಮಾಡುವುದು ಶಾಲೆಯ ಪ್ರಮಾಣದ ಲೆಕ್ಕವನ್ನೇ. ಒಂದು ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಗಮನಿಸೋಣ. ಪ್ರತಿ ಸಿಲಿಂಡರು ಒಂದು ಸಲಕ್ಕೆ ಹೆಚ್ಚೆಂದರೆ ಕಾಲು ಲೀಟರು ಗಾಳಿ ಎಳೆಯುತ್ತದೆ; ನಮ್ಮ ಪ್ರಸ್ಥಭೂಮಿಯಲ್ಲಿ ಅದರ ತೂಕ ಕಾಲು ಗ್ರಾಮಿಗಿಂತ ತುಸು ಹೆಚ್ಚು. ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಪೂರ್ಣ ಶಕ್ತಿ ಬೇಕಾದಾಗ ತುಸು ದಟ್ಟವಾಗಿ, ಅಂದರೆ ಸುಮಾರು 12.5ಕ್ಕೆ ಒಂದರಂತೆ ಕೊಡುವುದು ವಾಡಿಕೆ. ಆಗ ಒಂದು ಸಲಕ್ಕೆ ಬೇಕಾಗುವ ಪೆಟ್ರೋಲು 20 ಮಿಲಿಗ್ರಾಮಿನ ಆಸುಪಾಸು. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನ ಸರದಿ ಸೆಕೆಂಡಿನ ಐವತ್ತನೆಯ ಒಂದು ಪಾಲಿನಲ್ಲಿ ಮರಳಿ ಬರುತ್ತದೆ. ಅಷ್ಟರೊಳಗೆ ಗಾಳಿ ಅಳೆದು, ಪೆಟ್ರೋಲು ಚಿಮ್ಮಿಸಿ, ಕಿಡಿ ಹಾರಿಸಬೇಕು.

ಸುತ್ತುಗಳನ್ನು ಎಣಿಸುವುದು, ಗಾಳಿಯ ಒತ್ತಡ, ಗಾಳಿಯ ಬಿಸಿ, ನೀರಿನ ಬಿಸಿ, ಪೆಡಲನ್ನು ಎಷ್ಟು ಒತ್ತಲಾಗಿದೆ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ತಿಳಿಸುವುದು ಸೆನ್ಸರುಗಳ ಕೆಲಸ. ಚಳಿಗಾಲದ ಬೆಳಗಿನ 15 ಡಿಗ್ರಿಯ ಗಾಳಿಗಿಂತ ಮೇ ತಿಂಗಳ ಮಧ್ಯಾಹ್ನದ 43 ಡಿಗ್ರಿಯ ಗಾಳಿ ಶೇ. 9ರಷ್ಟು ತೆಳುವಾಗಿರುತ್ತದೆ. ಆದಕಾರಣ ಎರಡಕ್ಕೂ ಒಂದೇ ಅಳತೆಯ ಪೆಟ್ರೋಲು ಸಲ್ಲದು. ಇದಕ್ಕಾಗಿ ಗಣಕದೊಳಗೆ ಮಗ್ಗಿಯ ಹಾಗೆ ಒಂದು ಕೋಷ್ಟಕವಿರುತ್ತದೆ: ಅಡ್ಡಸಾಲಿನಲ್ಲಿ ಸುತ್ತುಗಳು, ಉದ್ದಸಾಲಿನಲ್ಲಿ ಹೊರೆ. ಹದಿನಾರು ಸಾಲು, ಹದಿನಾರು ಕಂಬವಾದರೆ 256 ಮನೆಗಳು. ಪೆಟ್ರೋಲಿಗೆ ಒಂದು ಕೋಷ್ಟಕ, ಕಿಡಿಗೆ ಇನ್ನೊಂದು. ಈ ಮನೆಗಳನ್ನು ಸರಿಯಾಗಿ ತುಂಬುವುದೇ ಟ್ಯೂನಿಂಗು.

ಮೂರು ದಾರಿಗಳು

ಎಂಜಿನ್ನಿಗೆ ದೊಡ್ಡ ಇಂಜೆಕ್ಟರು, ಬೇರೆ ಕ್ಯಾಮ್‌ಶಾಫ್ಟು ಅಥವಾ ಟರ್ಬೊ ಕೂಡಿಸಿದರೆ ಕಂಪನಿಯ ಕೋಷ್ಟಕ ತಾಳೆಯಾಗುವುದಿಲ್ಲ. ಆಗ ಮೂರು ದಾರಿಗಳಿವೆ. ಮೊದಲನೆಯದು, ಇದ್ದ ಗಣಕದಲ್ಲಿಯೇ ಅಂಕಿಗಳನ್ನು ಬದಲಿಸುವುದು. ಇದನ್ನು ‘ರೀಮ್ಯಾಪ್’ ಎನ್ನುತ್ತಾರೆ. ಎರಡನೆಯದು, ಕಂಪನಿಯ ಗಣಕವನ್ನು ಹಾಗೆಯೇ ಉಳಿಸಿ, ನಡುವೆ ಚಿಕ್ಕ ಗಣಕವೊಂದನ್ನು ಕೂಡಿಸುವುದು, ಇದು ‘ಪಿಗ್ಗಿಬ್ಯಾಕ್’. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆ ಮುಖ್ಯವಾಗಿ ಮೋಟಾರ್‌ಸೈಕಲ್ಲುಗಳಿಗೆಂದು ತಯಾರಿಸಿದ ‘ಪವರ್‌ಟ್ರಾನಿಕ್’ ಈ ಜಾತಿಯದು. ಮೂರನೆಯದು, ಹಳೆಯದನ್ನು ಕಿತ್ತು ಸ್ವತಂತ್ರ ಗಣಕವನ್ನು ಕೂಡಿಸುವುದು. ಆಸ್ಟ್ರೇಲಿಯದ ಮೋಟೆಕ್, ಹಾಲ್‌ಟೆಕ್‌ಗಳು ಇದರಲ್ಲಿ ಹೆಸರಾದವು. ಅಮೆರಿಕದ ಬೌಲಿಂಗ್ ಮತ್ತು ಗ್ರಿಪ್ಪೊ ಎಂಬಿಬ್ಬರು ರೂಪಿಸಿದ ‘ಮೆಗಾಸ್ಕ್ವರ್ಟ್’ ಕೈಯಿಂದ ಬೆಸೆದು ಕಟ್ಟಿಕೊಳ್ಳುವಂಥದು; ‘ಸ್ಪೀಡುಯಿನೊ’ದ ನಕ್ಷೆಯೂ ತಂತ್ರಾಂಶವೂ ಎಲ್ಲರಿಗೂ ಮುಕ್ತ. ಕಲಿಯುವವನಿಗೆ ಈ ಕೊನೆಯ ಎರಡು ಒಳ್ಳೆಯ ಗುರುಗಳು.

ನಮ್ಮ ಊರುಗಳಲ್ಲಿ ಎರಡನೆಯ ಜಾತಿಯ ಗಣಕ ಇನ್ನೊಂದು ವೇಷದಲ್ಲಿ ಆಗಲೇ ಬಂದಿದೆ. ಅದೇ ಸಿ.ಎನ್.ಜಿ. ಕಿಟ್ಟು. ಸೀಕ್ವೆನ್ಶಿಯಲ್ ಕಿಟ್ಟಿನ ಗಣಕ ಕಾರಿನ ಮೂಲ ಗಣಕ ಪೆಟ್ರೋಲಿಗೆಂದು ಕೊಡುವ ಆಜ್ಞೆಯನ್ನು ಓದಿ, ಗ್ಯಾಸಿಗೆ ತಕ್ಕಂತೆ ತಿದ್ದಿ, ಗ್ಯಾಸಿನ ಇಂಜೆಕ್ಟರುಗಳನ್ನು ತೆರೆಯುತ್ತದೆ. ಸರಿಯಾಗಿ ಹದಮಾಡಿದ ಕಿಟ್ಟು ಮನೆಗೆ ಉಳಿತಾಯ ತರುತ್ತದೆ. ಹದಮಾಡದ್ದು ಏರಿನಲ್ಲಿ ಮುಗ್ಗರಿಸುತ್ತದೆ. ಆದ್ದರಿಂದ ಈ ವಿದ್ಯೆ ರೇಸಿನವರದಷ್ಟೇ ಎಂದು ತಳ್ಳಿಹಾಕಲಾಗದು.

ಆಯ್ಕೆಗೆ ಮುನ್ನ

ಕೊಳ್ಳುವ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಎಂಜಿನ್ನಿನಲ್ಲಿ ನಿಜವಾಗಿ ಏನು ಬದಲಾಗಿದೆ? ಏನೂ ಬದಲಾಗದಿದ್ದರೆ ಗಣಕಕ್ಕೆ ಹಣ ಸುರಿಯುವುದು ವ್ಯರ್ಥ. ಎಷ್ಟು ಇಂಜೆಕ್ಟರು, ಎಷ್ಟು ಕಾಯಿಲುಗಳನ್ನು ಅದು ನಡೆಸಬಲ್ಲದು? ಸುತ್ತುಗಳನ್ನು ಎಣಿಸುವ ಹಲ್ಲಿನ ಚಕ್ರವನ್ನು ಗುರುತಿಸಬಲ್ಲದೆ? ಅನೇಕ ಕಾರುಗಳಲ್ಲಿ ಅರವತ್ತು ಹಲ್ಲುಗಳ ಜಾಗದಲ್ಲಿ ಎರಡನ್ನು ಬಿಟ್ಟ ಚಕ್ರವಿರುತ್ತದೆ. ಆ ಖಾಲಿ ಜಾಗವೇ ಎಂಜಿನ್ನಿನ ಸ್ಥಾನವನ್ನು ತಿಳಿಸುವ ಗುರುತು. ನಾಕಿಂಗ್ ಸೆನ್ಸರಿನ ಮಾತನ್ನು ಕೇಳಬಲ್ಲದೆ? ಎಲ್ಲಕ್ಕಿಂತ ಮುಖ್ಯವಾಗಿ, ಈ ಗಣಕವನ್ನು ಬಲ್ಲ ಟ್ಯೂನರು ನಮ್ಮ ಕೈಗೆಟುಕುವ ಊರಿನಲ್ಲಿದ್ದಾನೆಯೆ? ಟ್ಯೂನರಿಲ್ಲದ ದುಬಾರಿ ಗಣಕಕ್ಕಿಂತ ಟ್ಯೂನರಿರುವ ಸಾಧಾರಣ ಗಣಕ ಮೇಲು.

ಹದ ಮಾಡುವ ಕ್ರಮ

ಮೊದಲು ಎಂಜಿನ್ನು ಆರೋಗ್ಯವಾಗಿರಬೇಕು. ಕಂಪ್ರೆಶನ್, ಪೆಟ್ರೋಲಿನ ಒತ್ತಡ, ಗಾಳಿಯ ಸೋರಿಕೆ, ಬ್ಯಾಟರಿ, ಅರ್ಥಿಂಗ್ ತಂತಿ ಇವನ್ನು ಪರೀಕ್ಷಿಸಬೇಕು. ರೋಗಿಷ್ಠ ಎಂಜಿನ್ನಿನ ಮೇಲೆ ತುಂಬಿದ ಕೋಷ್ಟಕ ರೋಗವನ್ನೇ ಬರೆದಿಟ್ಟಂತೆ.

ಆಮೇಲೆ ಗಣಕಕ್ಕೆ ಎಂಜಿನ್ನಿನ ಗಾತ್ರ, ಇಂಜೆಕ್ಟರಿನ ಅಳತೆ, ಸೆನ್ಸರುಗಳ ಗುಣಗಳನ್ನು ತಿಳಿಸಬೇಕು. ಟೈಮಿಂಗ್ ಲೈಟು ಹಿಡಿದು, ಗಣಕ ತೋರಿಸುವ ಡಿಗ್ರಿಯೂ ಪುಲ್ಲಿಯ ಮೇಲಿನ ಗುರುತೂ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಇದನ್ನು ಬಿಟ್ಟವರ ಮುಂದಿನ ಲೆಕ್ಕವೆಲ್ಲ ತಪ್ಪು.

ಮೂರನೆಯದು ಪೆಟ್ರೋಲಿನ ಕೋಷ್ಟಕ. ಹೊಗೆಯ ಕೊಳವೆಗೆ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರನ್ನು ಕೂಡಿಸಿ, ಸಣ್ಣ ಹೊರೆಯಿಂದ ಆರಂಭಿಸಿ ಒಂದೊಂದೇ ಮನೆಯನ್ನು ತಿದ್ದುತ್ತ ಸಾಗಬೇಕು. ಪೂರ್ಣ ಹೊರೆಯಲ್ಲಿ ಪೆಟ್ರೋಲು ತೆಳುವಾದರೆ ಪಿಸ್ಟನ್ ಕರಗುವ ಭಯವಿದೆ. ಆದುದರಿಂದ ಆರಂಭದ ಅಂಕಿಗಳು ದಟ್ಟವಾಗಿಯೇ ಇರಲಿ.

ನಾಲ್ಕನೆಯದು ಕಿಡಿ. ಇದನ್ನು ಡೈನೊ ಎಂಬ ಉರುಳೆಯ ಯಂತ್ರದ ಮೇಲೆ ಮಾಡುವುದೇ ಕ್ಷೇಮ, ಹೆದ್ದಾರಿ ಪ್ರಯೋಗಶಾಲೆಯಲ್ಲ. ಕಿಡಿಯನ್ನು ತಡವಾಗಿಟ್ಟು, ಒಂದೆರಡು ಡಿಗ್ರಿ ಮುಂದೆ ಸರಿಸುತ್ತ ತಿರುಚುಬಲವನ್ನು ನೋಡಬೇಕು. ಬಲ ಹೆಚ್ಚುವುದು ನಿಂತ ಕಡೆ ನಿಲ್ಲಬೇಕು; ಅದಕ್ಕೂ ಮೊದಲೇ ನಾಕಿಂಗಿನ ಸದ್ದು ಕೇಳಿದರೆ ಎರಡು ಡಿಗ್ರಿ ಹಿಂದಕ್ಕೆ ಬರಬೇಕು. ಇನ್ನೂ ಸ್ವಲ್ಪ ಎಂಬ ಆಸೆಯೇ ಎಂಜಿನ್ನುಗಳನ್ನು ಸುಡುವುದು.

ಕೊನೆಯದು ತಣ್ಣನೆಯ ಎಂಜಿನ್ನಿನ ಆರಂಭ. ಎಂಜಿನ್ನು ತಣ್ಣಗಿರುವುದು ದಿನಕ್ಕೊಮ್ಮೆ, ಬೆಳಿಗ್ಗೆ ಮಾತ್ರ. ಹೀಗಾಗಿ ಇದಕ್ಕೆ ಹಲವು ದಿನಗಳ ತಾಳ್ಮೆ ಬೇಕು. ಪ್ರತಿಯೊಂದು ಬದಲಾವಣೆಯನ್ನೂ ತಾರೀಖು ಸಹಿತ ವಹಿಯಲ್ಲಿ ಬರೆದಿಡಬೇಕು, ಒಮ್ಮೆಗೆ ಒಂದನ್ನೇ ಬದಲಿಸಬೇಕು.

ನಮ್ಮ ಕಬ್ಬು, ನಮ್ಮ ಪೆಟ್ರೋಲು

ಲಾತೂರು, ಬೀದರ ಜಿಲ್ಲೆಗಳ ರೈತರಿಗೆ ಸಂಬಂಧಿಸಿದ ಮಾತೊಂದಿದೆ. ಕಬ್ಬಿನಿಂದಲೂ ತಯಾರಾಗುವ ಎಥೆನಾಲನ್ನು ಶೇ. 20ರಷ್ಟು ಬೆರೆಸಿದ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಉದ್ಘಾಟನೆಗೊಂಡಿತು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು; ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಅಂದರೆ ಶುದ್ಧ ಪೆಟ್ರೋಲಿಗೆಂದು ತುಂಬಿದ ಹಳೆಯ ಕೋಷ್ಟಕದಲ್ಲಿ ಶೇ. 9ರಷ್ಟು ಕೊರತೆ ಬೀಳುತ್ತದೆ. ಹೊರದೇಶದ ಯಾರದೋ ಕೋಷ್ಟಕವನ್ನು ಹಾಗೆಯೇ ನಕಲು ಮಾಡುವವರು ಇದನ್ನು ನೆನಪಿಡಬೇಕು.

ಕಾಯಿದೆಯ ಮಾತು

ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನಂತೆ ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದು. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ(4) ಕಲಮಿನ ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ ಮಾಲಿಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಮಾನ್ಯತೆ ಪಡೆದ ಸಿ.ಎನ್.ಜಿ. ಕಿಟ್ಟಿಗೆ ಅವಕಾಶವಿದೆ; ಅದನ್ನು ಆರ್.ಟಿ.ಒ. ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಸೇರಿಸಬೇಕು, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಸ್ವತಂತ್ರ ಗಣಕದ ಕಾರಿಗೆ ತಕ್ಕ ಸ್ಥಳ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗಳಂಥ ರೇಸಿನ ಓಟದ ಹಾದಿ. ಸಂತೆಗೆ ಹೋಗುವ ಜನರೂ ಶಾಲೆಯ ಮಕ್ಕಳೂ ದಾಟುವ ನಮ್ಮ ಹೆದ್ದಾರಿ ಅದಕ್ಕೆ ತಕ್ಕುದಲ್ಲ.

ಹಾಗಾದರೆ ಹಿರಿಯರು ಹಣ ಕೊಡಬೇಕೆ? ಮನೆಯ ಕಾರನ್ನು ಹೆದ್ದಾರಿಯಲ್ಲಿ ಓಡಿಸುವ ಚಪಲಕ್ಕಾದರೆ ಬೇಡ ಎಂಬುದೇ ನಮ್ಮ ಅಭಿಪ್ರಾಯ. ಹಳೆಯ ಎಂಜಿನ್ನೊಂದನ್ನು ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಿ, ಅಗ್ಗದ ಮುಕ್ತ ಗಣಕವೊಂದನ್ನು ಕೂಡಿಸಿ ಕಲಿಯುತ್ತೇನೆಂದು ಮಗ ಅಂದರೆ, ಅವನ ಕೈ ಹಿಡಿಯಬೇಕು. ಅದು ಐ.ಟಿ.ಐ. ಪ್ರಮಾಣಪತ್ರದ ಜೊತೆಗೆ ಕೂಡಿಕೊಳ್ಳುವ ವಿದ್ಯೆ. ಮುಂದೆ ಗ್ಯಾರೇಜಿಗೆ ಬರುವ ಪ್ರತಿ ವಾಹನವನ್ನೂ ಲ್ಯಾಪ್‌ಟಾಪು ಕೂಡಿಸಿಯೇ ನೋಡಬೇಕಾದೀತು. ತಿರುಪು ಮಾತ್ರ ಬಲ್ಲವನು ಹೊರಗೆ ನಿಂತಾನು.

ಇದಕ್ಕೆ ಬೇಕಾದ ಮೂಲದ್ರವ್ಯ ಪ್ರಮಾಣ, ಶೇಕಡಾ, ಸರಾಸರಿ, ನಕ್ಷೆಯ ಓದು. ಅಂದರೆ ಏಳನೆಯ, ಎಂಟನೆಯ ಇಯತ್ತೆಯ ಗಣಿತ. ಮನೆಮಾತಿನಲ್ಲಿ ಅದನ್ನು ಅರಿತ ಹುಡುಗನಿಗೆ ಮುಂದೆ ಮರಾಠಿಯ ಕಾರ್ಯಾಗಾರವಾಗಲಿ ಇಂಗ್ಲಿಷಿನ ಕೈಪಿಡಿಯಾಗಲಿ ಅಂಜಿಕೆ ತರದು. ಮಕ್ಕಳು ಲೆಕ್ಕದ ಪುಸ್ತಕವನ್ನು ಬದಿಗಿಟ್ಟು ಗ್ಯಾರೇಜಿಗೆ ಓಡುವ ಮೊದಲು, ಗ್ಯಾರೇಜಿನಲ್ಲಿಯೂ ಅದೇ ಪುಸ್ತಕ ಕಾದಿದೆ ಎಂಬುದನ್ನು ಪಾಲಕರು ಅವರಿಗೆ ತಿಳಿಸಿ ಹೇಳಲಿ.