ಸ್ಟೀಲ್ ಚಮಚದಿಂದ ಮನೆಯಲ್ಲೇ ಕ್ರೋಮ್ ಪ್ಲೇಟಿಂಗ್? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಉಪ್ಪು ಬೆರೆಸಿದ ವಿನೆಗರ್, ಒಂದು ಬ್ಯಾಟರಿ ಚಾರ್ಜರ್, ಅಡುಗೆಮನೆಯ ಸ್ಟೀಲ್ ಚಮಚ. ಇಷ್ಟಿದ್ದರೆ ಕಾರು, ಬೈಕಿನ ತುಕ್ಕು ಹಿಡಿದ ಭಾಗಗಳಿಗೆ ಮನೆಯಲ್ಲೇ ಕ್ರೋಮ್ ಲೇಪನ ಮಾಡಬಹುದು ಎನ್ನುವ ವಿಡಿಯೋಗಳು ಆಗಾಗ ನಮ್ಮ ಮೊಬೈಲ್‌ಗಳಿಗೆ ಬರುತ್ತವೆ. ಒಲೆಯಲ್ಲಿ ಬೇಯಿಸಿ ಪೌಡರ್ ಕೋಟಿಂಗ್ ಮಾಡುವ ವಿಡಿಯೋಗಳೂ ಇವೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಅಪಾಯ? ನೋಡೋಣ.

ಪ್ಲೇಟಿಂಗ್ ಆಗುವುದು ಹೇಗೆ?

ಲೋಹದ ಲವಣವಿರುವ ದ್ರಾವಣದಲ್ಲಿ ಎರಡು ಲೋಹದ ತುಂಡುಗಳನ್ನು ಮುಳುಗಿಸಿ ಡಿಸಿ ವಿದ್ಯುತ್ ಹರಿಸಿದಾಗ, ಧನ ತುದಿಯ ಲೋಹ ಕರಗುತ್ತದೆ, ಋಣ ತುದಿಯ ವಸ್ತುವಿನ ಮೇಲೆ ಲೋಹ ಕೂರುತ್ತದೆ. ಇದೇ ಎಲೆಕ್ಟ್ರೋಪ್ಲೇಟಿಂಗ್. ಸತುವಿನ ತಗಡು ಮತ್ತು ವಿನೆಗರ್ ಬಳಸಿ ಸಣ್ಣ ಕಬ್ಬಿಣದ ಕ್ಲಾಂಪಿಗೆ ಸತುವಿನ ಲೇಪನ ಕೊಡುವುದು ನಿಜಕ್ಕೂ ಸಾಧ್ಯ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಹಾಗಾಗಿ ಲೇಪನದ ಮೇಲೆ ಸಣ್ಣ ಗೀರು ಬಿದ್ದರೂ ರಕ್ಷಣೆ ಉಳಿಯುತ್ತದೆ.

ತಾಮ್ರದ ಕಥೆ ಬೇರೆ. ಮೈಲುತುತ್ತದ ನೀರಿನಲ್ಲಿ ಮೊಳೆ ಅದ್ದಿದರೆ ಕ್ಷಣದಲ್ಲಿ ಕೆಂಪಾಗುತ್ತದೆ. ಆದರೆ ಆ ಪದರ ಸಡಿಲ, ಉಜ್ಜಿದರೆ ಬರುತ್ತದೆ. ಪದರದಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಆ ಜಾಗದ ಕಬ್ಬಿಣ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ.

ಚಮಚದಿಂದ ಕ್ರೋಮ್ ಬರುತ್ತದೆಯೇ?

ಬರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕ್ರೋಮಿಯಂ ಇದೆ ಎಂಬುದು ನಿಜ. ಆದರೆ ಕಾರ್ಖಾನೆಯ ಹೊಳೆಯುವ ಕ್ರೋಮ್‌ಗೆ ಕ್ರೋಮಿಕ್ ಆಮ್ಲದಂಥ ಕ್ರೋಮಿಯಂ ದ್ರಾವಣದ ತೊಟ್ಟಿ, ಅಳತೆಯ ಬಿಸಿ, ಹೆಚ್ಚಿನ ವಿದ್ಯುತ್ ಪ್ರವಾಹ ಬೇಕು. ಸಾಮಾನ್ಯವಾಗಿ ಅದರ ಕೆಳಗೆ ನಿಕ್ಕಲ್ ಪದರವೂ ಇರುತ್ತದೆ.

ಉಪ್ಪುನೀರಿನಲ್ಲಿ ಚಮಚವನ್ನು ಧನ ತುದಿಗೆ ಕಟ್ಟಿದರೆ ಅದು ಕರಗಿ ಕಬ್ಬಿಣ, ನಿಕ್ಕಲ್, ಕ್ರೋಮಿಯಂ ನೀರಿಗೆ ಸೇರುತ್ತವೆ. ಇದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಕೂಡ ಉಂಟಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮತ್ತು ನಿಕ್ಕಲ್ ಸಂಯುಕ್ತಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ 1ನೇ ಗುಂಪಿನಲ್ಲಿಟ್ಟಿದೆ. ಉಪ್ಪಿನಿಂದ ಕ್ಲೋರಿನ್ ಅನಿಲ ಹೊರಬರಬಹುದು. ಋಣ ತುದಿಯಲ್ಲಿ ಏಳುವ ಗುಳ್ಳೆಗಳು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್.

ಆ ನೀರನ್ನು ಬಚ್ಚಲಿಗೆ ಚೆಲ್ಲಿದರೆ ಅಪಾಯ ಮುಗಿಯುವುದಿಲ್ಲ. ಪ್ಲೇಟಿಂಗ್ ಘಟಕಗಳು ಹೆಚ್ಚಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಕ್ರೋಮಿಯಂಗೆ ಇರುವ ಮಿತಿ ಲೀಟರಿಗೆ ಕೇವಲ 0.05 ಮಿಲಿಗ್ರಾಂ.

ಕಣ್ಣಿಗೆ ಕಾಣದ ಅಪಾಯ: ಬೋಲ್ಟ್

ಪ್ಲೇಟಿಂಗ್ ವೇಳೆ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೂ ನುಗ್ಗುತ್ತದೆ. ಗಟ್ಟಿ ಉಕ್ಕು ಇದರಿಂದ ಪೆಡಸಾಗಿ, ಬಿಗಿದ ಮೇಲೆ ಯಾವ ಸೂಚನೆಯೂ ಇಲ್ಲದೆ ಮುರಿಯಬಹುದು. ಇದನ್ನು ತಪ್ಪಿಸಲು ಕಾರ್ಖಾನೆಗಳಲ್ಲಿ ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ ಇಂಥ ಭಾಗಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ತಲೆಯ ಮೇಲೆ 10.9 ಅಥವಾ 12.9 ಎಂದು ಬರೆದ ಬೋಲ್ಟ್‌ಗಳು, ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಭಾಗಗಳು ಮತ್ತು ಸ್ಪ್ರಿಂಗ್‌ಗಳಿಗೆ ಮನೆಯ ಪ್ಲೇಟಿಂಗ್ ಬೇಡವೇ ಬೇಡ. ಹೊಸ ಬೋಲ್ಟ್ ಕೊಳ್ಳುವುದು ಅಗ್ಗ.

ಪೌಡರ್ ಕೋಟಿಂಗ್ ಮಾಡಬಹುದೇ?

ಸಣ್ಣ ಬ್ರಾಕೆಟ್‌ನಂಥ ಭಾಗಗಳಿಗೆ ಸಾಧ್ಯ. ವಿದ್ಯುದಾವೇಶ ಕೊಟ್ಟ ಪ್ಲಾಸ್ಟಿಕ್ ಪುಡಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಸುಮಾರು 180ರಿಂದ 200 ಡಿಗ್ರಿಯಲ್ಲಿ ಕರಗಿ, ಗಟ್ಟಿಯಾಗುತ್ತದೆ. ಆದರೆ ನೆನಪಿಡಿ:

- ಅಡುಗೆಯ ಓವನ್ ಬಳಸಬೇಡಿ. ಒಮ್ಮೆ ಕೋಟಿಂಗ್‌ಗೆ ಬಳಸಿದ ಓವನ್‌ನಲ್ಲಿ ಮತ್ತೆ ಆಹಾರ ಬೇಯಿಸಬಾರದು.
- ಗಾಳಿಯಲ್ಲಿ ದಟ್ಟವಾಗಿ ಹರಡಿದ ಪುಡಿ ಕಿಡಿ ತಾಗಿದರೆ ಸ್ಫೋಟಿಸಬಹುದು. ಮಾಸ್ಕ್ ಮತ್ತು ಗಾಳಿಯಾಡುವ ಜಾಗ ಕಡ್ಡಾಯ.
- ಕ್ಲೋರಿನ್ ಅಂಶವಿರುವ ಬ್ರೇಕ್ ಕ್ಲೀನರ್‌ನಿಂದ ತೊಳೆದ ಭಾಗವನ್ನು ಕಾಯಿಸಬೇಡಿ. ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.
- ಶಾಕ್ ಅಬ್ಸಾರ್ಬರ್‌ನಂಥ ಮುಚ್ಚಿದ ಭಾಗಗಳನ್ನು ಓವನ್‌ಗೆ ಇಡಬೇಡಿ, ಸಿಡಿಯಬಹುದು.
- ಅಲಾಯ್ ವೀಲ್ ಅತಿಯಾಗಿ ಕಾದರೆ ಬಲ ಕಳೆದುಕೊಳ್ಳುತ್ತದೆ. ಆ ಕೆಲಸ ಅನುಭವಿ ಅಂಗಡಿಗೆ ಬಿಡಿ.

ಈಗಾಗಲೇ ಮಾಡಿ ನೋಡಿದ್ದರೆ?

ಚಮಚ ಮುಳುಗಿಸಿದ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗಿಡಕ್ಕಾಗಲಿ ಚರಂಡಿಗಾಗಲಿ ಸುರಿಯಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮೇಲೆ ವಿಷ ಎಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ನಂತರ ಸ್ಥಳೀಯ ಸಂಸ್ಥೆಯವರಿಗೆ ತಿಳಿಸಿ, ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಿ.

ಒಟ್ಟಿನಲ್ಲಿ

ಸಣ್ಣ ಭಾಗಗಳಿಗೆ ಸತುವಿನ ಲೇಪನ ಮತ್ತು ಎಚ್ಚರಿಕೆಯ ಪೌಡರ್ ಕೋಟಿಂಗ್ ಸಾಧ್ಯ. ಸ್ಟೀಲ್ ಚಮಚದಿಂದ ಕ್ರೋಮ್ ಎಂಬುದು ಸುಳ್ಳು, ಮೇಲಾಗಿ ಅಪಾಯಕಾರಿ. ಆ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸುವ ಬದಲು ಈ ಬರಹವನ್ನು ಅಲ್ಲಿ ಹಂಚಿಕೊಳ್ಳಿ. ರಜೆಯಲ್ಲಿ ಪ್ರಯೋಗ ಮಾಡಲು ಕಾದಿರುವ ಮಕ್ಕಳು ಆ ಗುಂಪಿನ ಮನೆಗಳಲ್ಲೂ ಇರುತ್ತಾರೆ.