ಕೋವಿಯ ಹಿಡಿಗೆ ಮರುಮೆರುಗು

ಕೊಡಗಿನ ಐನ್‌ಮನೆಗಳಲ್ಲಿ ತಲೆಮಾರುಗಳಿಂದ ಇಳಿದುಬಂದ ತೋಟಾಕೋವಿಯನ್ನು ಕೈಲ್ ಪೊಳ್ದ್ ಹಬ್ಬದಂದು ಒರಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವಾಗ, ಉಕ್ಕಿನ ನಳಿಗೆಗೆ ದೊರೆಯುವ ಆದರದಲ್ಲಿ ಅರೆಪಾಲೂ ಅದರ ಮರದ ಹಿಡಿಗೆ ದೊರೆಯುವುದಿಲ್ಲ. ಬೆವರು, ಹೊಗೆ, ನಳಿಗೆಯಿಂದಿಳಿದ ಎಣ್ಣೆ ಇವೆಲ್ಲ ಸೇರಿ, ಎಂದೋ ಬಳಿದ ವಾರ್ನಿಷು ಕಪ್ಪಿಟ್ಟು ಹಕ್ಕಳೆಯೆದ್ದು, ಒಳಗಿನ ಅಕ್ರೋಟು ಮರದ ರೇಖಾವಿನ್ಯಾಸವೇ ಮರೆಯಾಗಿರುತ್ತದೆ. ಋತುಮಾನಕ್ಕೆ ಹೆಚ್ಚು ಹಿಗ್ಗದೆ ಕುಗ್ಗದೆ, ಗುಂಡಿನ ಒದೆತವನ್ನು ಸೀಳದೆ ಸಹಿಸುವ ಗುಣಕ್ಕಾಗಿಯೇ ಕೋವಿಕಾರರು ಆ ಮರವನ್ನು ವರಿಸಿದರು.

ಇಂಥ ಹಿಡಿಯನ್ನು ಮನೆಯಲ್ಲಿಯೇ ಹಸನುಗೊಳಿಸಬಹುದು. ಆದರೆ ತೆಗೆಯಬೇಕಾದುದು ವಾರ್ನಿಷನ್ನೇ ಹೊರತು ಮರವನ್ನಲ್ಲ ಎಂಬ ವಿವೇಕ ಕೈಗೆ ಮೊದಲು ಬರಬೇಕು. ಕೋವಿಯಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ನೋಡಿ, ಹಿಡಿಯನ್ನು ಬೇರ್ಪಡಿಸಿದ ಮೇಲೆ, ಒಂದು ಮೂಲೆಗೆ ಸ್ಪಿರಿಟ್ ಸವರಿ ನೋಡುವುದು: ಲೇಪ ಮೆತ್ತಗಾದರೆ ಅದು ಅರಗಿನದು, ಸ್ಪಿರಿಟಿನಿಂದಲೇ ಕಳಚುತ್ತದೆ, ಇಲ್ಲವಾದರೆ ಬಣ್ಣ ಕೀಳುವ ದ್ರಾವಣವನ್ನು, ಕೈಗವಸು ತೊಟ್ಟು, ಗಾಳಿಯಾಡುವ ಜಗಲಿಯಲ್ಲಿ ಬಳಸತಕ್ಕದ್ದು. ಹಿಡಿತಕ್ಕಾಗಿ ಕೊರೆದ ಚೌಕುಳಿಗೆರೆಗಳಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷೇ ಸಾಕು. ಅಲ್ಲಿ ಮರಳುಕಾಗದ ಸೋಕಕೂಡದು.

ಈ ಕೆಲಸದಲ್ಲಿ ನನಗೆ ಅತ್ಯಂತ ಮನೋಹರವೆನಿಸುವುದು ತಗ್ಗುಗಳನ್ನು ಎಬ್ಬಿಸುವ ಕ್ರಮ. ಪೆಟ್ಟು ಬಿದ್ದು ಕುಸಿದೆಡೆ ಒದ್ದೆ ಬಟ್ಟೆ ಹಾಸಿ, ಕಾದ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕ್ಷಣಕಾಲ ಒತ್ತಿದರೆ, ಚುಂಯೆಂದು ಎದ್ದ ಹಬೆ ಒಳಹೊಕ್ಕು, ಅದುಮಿಹೋದ ನಾರುಗಳು ಉಬ್ಬಿ ಮೇಲೇಳುತ್ತವೆ. ನಾರೇ ಕಡಿದುಹೋದ ಗಾಯ ಮಾತ್ರ ಏಳದು. ಬಳಿಕ 220, ಆಮೇಲೆ 320 ಅಂಕದ ಮರಳುಕಾಗದದಿಂದ ನಾರಿನ ಓಟವನ್ನನುಸರಿಸಿ ಉಜ್ಜಬೇಕು. ಲೋಹಕ್ಕೆ ತಾಗುವ ಅಂಚನ್ನು ಮುಟ್ಟಬಾರದು. ಅಲ್ಲಿ ಮರ ಸವೆದರೆ ಉಕ್ಕಿನ ಅಂಚು ಹೊರಚಾಚಿ, ಕೋವಿ ಎಂದೆಂದಿಗೂ ವಿಕಾರವಾಗಿ ಕಾಣುತ್ತದೆ. ಮರವನ್ನೊಮ್ಮೆ ನೀರಿನಿಂದ ತೇವಗೊಳಿಸಿ ಒಣಗಿಸಿದಾಗ ಮೀಸೆಯಂತೆ ನಿಗುರುವ ಸಣ್ಣ ಎಳೆಗಳನ್ನು ಹಗುರಾಗಿ ಸವರಿ ತೆಗೆದರೆ ಸಿದ್ಧತೆ ಮುಗಿಯಿತು.

ಇನ್ನು ಎಣ್ಣೆ. ಬಣ್ಣದಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂಬ ಹೆಸರಿನಲ್ಲಿ ದೊರೆಯುವ ಅಗಸೆಯೆಣ್ಣೆಯನ್ನು ಕೆಲವೇ ಹನಿ ಹಾಕಿ, ಅಂಗೈ ಬಿಸಿಯೇರುವವರೆಗೆ ತಿಕ್ಕಿ, ಉಳಿದುದನ್ನು ಒರಸಿಬಿಡಬೇಕು. ಅದು ಆವಿಯಾಗಿ ಒಣಗುವುದಲ್ಲ, ವಾಯುವಿನ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದು; ಆದಕಾರಣ ಒಂದು ಲೇಪ ಪೂರ್ಣವಾಗಿ ಒಣಗದೆ ಮತ್ತೊಂದನ್ನು ಹಚ್ಚಿದರೆ ಅಂಟು ಜಿಗುಟು ಉಳಿಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಈ ಕಾರ್ಯಕ್ಕೆ ಕೈಹಾಕುವುದು ಅವಿವೇಕ. ಹಬ್ಬಕ್ಕೆ ಮೆರುಗು ಬೇಕಾದವರು ಬೇಸಗೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ, ಎಣ್ಣೆ, ಆಮ್ಲಜನಕಗಳ ಆ ಸಂಯೋಗದ ಕಾವಿನಿಂದಲೇ ಅದು ತಾನಾಗಿ ಹೊತ್ತಿಕೊಳ್ಳಬಲ್ಲುದು. ಹರವಿ ಒಣಗಿಸಬೇಕು ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಭುಜಕ್ಕಾನುವ ತಟ್ಟೆಯ ಅಡಿಯ ಬರಿಮರಕ್ಕೂ ಎಣ್ಣೆಯುಣಿಸುವುದನ್ನು ಅನೇಕರು ಮರೆಯುತ್ತಾರೆ. ನಾರಿನ ಬಾಯಿ ತೆರೆದಿರುವ ಆ ಕಡೆಯಿಂದಲೇ ತೇವ ಹೆಚ್ಚಾಗಿ ಒಳನುಗ್ಗುವುದು. ನಳಿಗೆ, ಕುದುರೆಗಳ ದುರಸ್ತಿ ಬೇರೆಯೇ ಮಾತು: 1959ರ ಆಯುಧ ಕಾಯಿದೆಯ ಮೇರೆಗೆ ಅದು ಪರವಾನಗಿ ಪಡೆದ ಕೋವಿಕಾರನ ಪಾಲಿನದು.