ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಕಂಡರೆ ಅದು ಹ್ಯಾಕಿಂಗಾ? ಚಿಕ್ಕೋಡಿಯಿಂದ ಬಂದ ಒಂದು ಫೋಟೊದ ಕಥೆ

ಚಿಕ್ಕೋಡಿ ಕಡೆಯ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳಿಸಿ, "ಇದು ಖರೇನ ಹ್ಯಾಕಿಂಗ್ ಏನ್ರಿ?" ಎಂದು ಕೇಳಿದರು. ಫೋಟೊದಲ್ಲಿ ಒಂದು ಲ್ಯಾಪ್‌ಟಾಪ್ ಇದೆ. ಪರದೆ ಪೂರ್ತಿ ಕಪ್ಪು, ಅದರ ಮೇಲೆ ನಾಲ್ಕೈದು ಸಾಲು ಬಿಳಿ ಅಕ್ಷರ. ಕೆಳಗಿನ ಬರಹ ಹೀಗಿತ್ತು: "ಎಚ್ಚರಿಕೆ! ನಮ್ಮ ಊರ ಹುಡುಗರು ಇಂಥ ಕೋಡ್ ಹಾಕಿ ಬ್ಯಾಂಕ್ ಖಾತೆ ಖಾಲಿ ಮಾಡುತ್ತಿದ್ದಾರೆ. ಎಲ್ಲರಿಗೂ ಕಳಿಸಿ."

ಫೋಟೊದಲ್ಲಿ ಹುಡುಗನ ಮುಖ ಕಾಣುವುದಿಲ್ಲ. ಆದರೆ ಊರಿನವರಿಗೆ ಅದು ಯಾರ ಮನೆಯ ಲ್ಯಾಪ್‌ಟಾಪ್ ಎಂದು ಗೊತ್ತಾಗಿಬಿಟ್ಟಿತ್ತು. ಎಂಜಿನಿಯರಿಂಗ್ ಓದುವ ಹುಡುಗ ರಜೆಗೆಂದು ಮನೆಗೆ ಬಂದಿದ್ದ. ಯಾರೋ ಹಿಂದಿನಿಂದ ತೆಗೆದ ಫೋಟೊ ಊರಿನ ಗುಂಪಿಗೆ ಹೋಗಿ, ಅಲ್ಲಿಂದ ಪಕ್ಕದ ಊರಿನ ಗುಂಪಿಗೂ ಹೋಗಿತ್ತು. ಮನೆಗೆ ಬಂದ ಕಾಕಾ, "ಏನ ತಮ್ಮಾ, ಬ್ಯಾಂಕಿಗೆ ಕೈ ಹಚ್ಚೀಯೇನ?" ಅಂದರಂತೆ. "ಇಲ್ರಿ ಕಾಕಾ, ಎರಡು ಅಂಕಿ ಕೂಡಸಾಕತ್ತೀನ್ರಿ" ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ತಾಯಿಗಂತೂ ಭಯ. "ಮೊದಲ ಅದನ್ನ ಬಂದ್ ಮಾಡಪಾ" ಎಂದು ಲ್ಯಾಪ್‌ಟಾಪ್ ಎತ್ತಿ ಟ್ರಂಕಿನ ಮೇಲೆ ಇಟ್ಟರು.

ನಾವು ಫೋಟೊವನ್ನು ದೊಡ್ಡದು ಮಾಡಿ ಓದಿದೆವು. ಹುಡುಗ ಹೇಳಿದ್ದು ನಿಜ.

ಫೋಟೊದಲ್ಲಿ ಇರುವುದೇನು?

ಮುಖ್ಯ ಸಾಲು ಇದು: ನಾಸ್ಮ್ -ಎಫ್ ಎಲ್ಫ್64 ಆ್ಯಡ್.ಎಎಸ್‌ಎಂ -ಓ ಆ್ಯಡ್.ಓ

(ಓದಲು ಸುಲಭವಾಗಲಿ ಎಂದು ನಾವಿಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ನಾಸ್ಮ್ ಎಂಬುದು ಒಂದು ಅಸೆಂಬ್ಲರ್. 1996ರಿಂದ ಉಚಿತವಾಗಿ ಸಿಗುತ್ತಿರುವ ತಂತ್ರಾಂಶ. ಕಂಪ್ಯೂಟರಿನ ಪ್ರೊಸೆಸರ್‌ಗೆ ಅರ್ಥವಾಗುವುದು ಅಂಕಿಗಳು ಮಾತ್ರ. ಆ ಅಂಕಿಗಳನ್ನು ಮನುಷ್ಯ ನೆನಪಿಡಲಾರ ಎಂದು 'ಮೂವ್', 'ಆ್ಯಡ್' ಎಂಬಂಥ ಚಿಕ್ಕ ಪದಗಳಲ್ಲಿ ಬರೆಯುತ್ತಾರೆ. ಅದೇ ಅಸೆಂಬ್ಲಿ ಭಾಷೆ. ಆ ಪದಗಳನ್ನು ಮತ್ತೆ ಅಂಕಿಗೆ ತಿರುಗಿಸಿ ಕೊಡುವುದು ಅಸೆಂಬ್ಲರ್‌ನ ಕೆಲಸ. ಅದು ಇಂಟರ್‌ನೆಟ್‌ಗೆ ಹೋಗುವುದಿಲ್ಲ, ಯಾವ ಖಾತೆಯನ್ನೂ ಮುಟ್ಟುವುದಿಲ್ಲ. ಒಂದು ಫೈಲ್ ಓದಿ ಇನ್ನೊಂದು ಫೈಲ್ ಬರೆಯುತ್ತದೆ, ಅಷ್ಟೇ.

ಕಪ್ಪು ಕಿಟಕಿ ಎಂದರೆ ಕಂಪ್ಯೂಟರಿಗೆ ಮೌಸ್ ಬದಲು ಬರಹದಲ್ಲಿ ಆಜ್ಞೆ ಕೊಡುವ ಜಾಗ. ಸಿನಿಮಾದಲ್ಲಿ ಹ್ಯಾಕರ್ ಬಂದಾಗಲೆಲ್ಲ ಇದನ್ನೇ ತೋರಿಸುವುದರಿಂದ ನಮಗೆ ಅದರ ಮೇಲೆ ಅನುಮಾನ. ಬೆಳಗಾವಿಯ ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಎಷ್ಟೋ ಬ್ಯಾಚ್‌ಗಳು ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ ಇದೇ ಕಪ್ಪು ಕಿಟಕಿಯ ಮುಂದೆ ಕೂತು ಪಾಸಾಗಿವೆ. ಚಿಕ್ಕೋಡಿಯಲ್ಲೇ ಎಂಜಿನಿಯರಿಂಗ್ ಕಾಲೇಜು ಇದೆ. ನಿಮ್ಮ ಓಣಿಯಲ್ಲಿ ಯಾರಾದರೂ ಅಲ್ಲಿ ಓದಿದ್ದರೆ ಕೇಳಿ ನೋಡಿ.

ಆ ಅಡ್ಡಗೆರೆ ಯಾಕೆ?

ನೋಡಿದವರಿಗೆ ಹೆದರಿಕೆ ಹುಟ್ಟಿಸಿದ್ದು '-ಎಫ್', '-ಓ' ಎಂಬ ಗೆರೆ ಇರುವ ಅಕ್ಷರಗಳು. ಇವಕ್ಕೆ ಆಪ್ಷನ್ ಎನ್ನುತ್ತಾರೆ. ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಜೋಳದ ಡಬ್ಬಿ ಇಟ್ಟು "ಬೀಸ್ರಿ" ಎಂದರೆ ಗಿರಣಿಯವರು ತಮ್ಮ ರೂಢಿಯಂತೆ ಬೀಸುತ್ತಾರೆ. "ರೊಟ್ಟಿಗೆ, ಸಣ್ಣಗ ಬೀಸ್ರಿ, ಈ ಡಬ್ಬಿಗೇ ಹಾಕ್ರಿ" ಎಂದರೆ ಹಾಗೆ ಮಾಡುತ್ತಾರೆ. ಕೆಲಸ ಒಂದೇ. ಅದನ್ನು ಹೇಗೆ ಮಾಡಬೇಕು, ಆದದ್ದನ್ನು ಎಲ್ಲಿ ಹಾಕಬೇಕು ಎಂಬುದನ್ನು ಹೇಳುವುದು ಆಪ್ಷನ್. ಮುಂದಿನ ಗೆರೆ, "ಇದು ಫೈಲಿನ ಹೆಸರಲ್ಲ, ಸೂಚನೆ" ಎಂಬುದರ ಗುರುತು. ಹಳೆಯ ಡಾಸ್ ಮತ್ತು ವಿಂಡೋಸ್ ತಂತ್ರಾಂಶಗಳಲ್ಲಿ ಗೆರೆಯ ಬದಲು ಓರೆಗೆರೆ ಇರುತ್ತದೆ.

ಫೋಟೊದ ಸಾಲನ್ನು ಈಗ ಬಿಡಿಸೋಣ. '-ಎಫ್' ಎಂದರೆ ಫಾರ್ಮ್ಯಾಟ್, ಯಾವ ರೂಪದಲ್ಲಿ ಬೇಕು ಎಂಬುದು. 'ಎಲ್ಫ್64' ಎಂಬುದು 64 ಬಿಟ್‌ನ ಲಿನಕ್ಸ್ ಕಂಪ್ಯೂಟರ್ ಒಪ್ಪುವ ರೂಪ. 'ಆ್ಯಡ್.ಎಎಸ್‌ಎಂ' ಹುಡುಗ ಬರೆದ ಪ್ರೋಗ್ರಾಮ್. '-ಓ' ಎಂದರೆ ಔಟ್‌ಪುಟ್, ಅದರ ಮುಂದಿನ ಪದವೇ ಹೊಸ ಫೈಲಿನ ಹೆಸರು.

'-ಎಫ್' ಬರೆಯದೇ ಬಿಟ್ಟರೆ ನಾಸ್ಮ್ ಬೈಯುವುದಿಲ್ಲ. 'ಬಿನ್' ಎಂಬ ತನ್ನ ರೂಢಿಯ ರೂಪದಲ್ಲಿ, ಬರೀ ಅಂಕಿಗಳ ಒಂದು ಫೈಲ್ ಮಾಡಿ ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಓಡಿಸಲು ಹೋದರೆ ಓಡುವುದಿಲ್ಲ. ಹೊಸಬರು ಆಗ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆಯುತ್ತಾರೆ, ತಪ್ಪು ಅಲ್ಲಿರುವುದೇ ಇಲ್ಲ. 'ಎಲ್ಫ್64' ಬದಲು 'ಎಲ್ಫ್32' ಎಂದು ಬರೆದರೂ ಇದೇ ಪಾಡು. ಎರಡು ಅಂಕಿ ಕೂಡಿಸುವಂಥ ಚಿಕ್ಕ ಪ್ರೋಗ್ರಾಮ್ ಆದರೆ ನಾಸ್ಮ್ ಒಪ್ಪುತ್ತದೆ, ಮುಂದೆ ಫೈಲುಗಳನ್ನು ಜೋಡಿಸುವ ಲಿಂಕರ್ "ಇದು ಹೊಂದುವುದಿಲ್ಲ" ಎಂದು ನಿರಾಕರಿಸುತ್ತದೆ.

ಎಲ್ಲಕ್ಕಿಂತ ಅಪಾಯದ ಅಕ್ಷರ '-ಓ'. ಅದರ ಮುಂದೆ ಯಾವ ಹೆಸರಿದೆಯೋ ಆ ಫೈಲಿನ ಮೇಲೆ ಬರೆಯುತ್ತದೆ. ಅವಸರದಲ್ಲಿ '-ಓ' ಆದಮೇಲೆ ಹೊಸ ಹೆಸರು ಹಾಕುವುದನ್ನು ಮರೆತು, ಮೂರು ದಿನ ಕೂತು ಬರೆದ ಬೇರೊಂದು ಪ್ರೋಗ್ರಾಮಿನ ಹೆಸರು ಹಾಕಿದಿರೋ, ಆ ಬರಹ ಹೋಯಿತು. "ಖಂಡಿತವೇ?" ಎಂದು ಕೇಳುವ ಪದ್ಧತಿ ಇಲ್ಲಿಲ್ಲ. ಮೊಬೈಲಿನಲ್ಲಿ ಫೋಟೊ ಅಳಿಸುವಾಗಲೂ ಒಮ್ಮೆ ಕೇಳುತ್ತದೆ, ಇಲ್ಲಿ ಅದೂ ಇಲ್ಲ. ಅಂದರೆ ಆ ಫೋಟೊದ ಸಾಲಿನಿಂದ ಯಾರಿಗಾದರೂ ನಷ್ಟವಾಗುವುದಿದ್ದರೆ ಅದು ಆ ಹುಡುಗನಿಗೇ, ಅದೂ ಅವನದೇ ಹೋಂವರ್ಕ್.

ಕೇಳುವ ಪದ್ಧತಿ ಇದ್ದ ಅಸೆಂಬ್ಲರ್ ಒಂದಿತ್ತು. ಮೈಕ್ರೋಸಾಫ್ಟ್ 1981ರಲ್ಲಿ ತಂದ ಮಾಸ್ಮ್. ಅದರ ಹಳೆಯ ಆವೃತ್ತಿಗೆ ಫೈಲಿನ ಹೆಸರು ಕೊಟ್ಟರೆ, ಆಬ್ಜೆಕ್ಟ್ ಫೈಲಿಗೆ ಏನು ಹೆಸರು, ಲಿಸ್ಟಿಂಗ್ ಬೇಕಾ, ಕ್ರಾಸ್ ರೆಫರೆನ್ಸ್ ಬೇಕಾ ಎಂದು ಒಂದೊಂದಾಗಿ ವಿಚಾರಿಸುತ್ತಿತ್ತು. ಸಾಲಿನ ಕೊನೆಗೆ ಒಂದು ಅರ್ಧವಿರಾಮ ಹಾಕಿದರೆ, "ಏನೂ ಕೇಳಬೇಡ, ರೂಢಿಯಂತೆ ಮಾಡು" ಎಂದರ್ಥ. ವಿಟಿಯು ಲ್ಯಾಬಿನಲ್ಲಿ ಆ ಚಿಹ್ನೆಯನ್ನು ಮಂತ್ರದಂತೆ ಬಾಯಿಪಾಠ ಮಾಡಿದವರು ಬಹಳ ಮಂದಿ. ಅದು ಯಾಕೆ ಎಂದು ವೈವಾದಲ್ಲಿ ಕೇಳಿದರೆ ಮಾತ್ರ ಕಷ್ಟ.

ಇನ್ನು ಕೆಲವು ಆಪ್ಷನ್‌ಗಳನ್ನು ಬೇಗ ಹೇಳಿಬಿಡುತ್ತೇವೆ. '-ಜಿ' ಹಾಕಿದರೆ ತಪ್ಪು ಹುಡುಕಲು ಬೇಕಾದ ಮಾಹಿತಿಯೂ ಫೈಲಿನೊಳಗೆ ಸೇರುತ್ತದೆ. '-ವಿ' ಹಾಕಿದರೆ ಯಾವ ಆವೃತ್ತಿ ಎಂದು ತಿಳಿಯುತ್ತದೆ. '-ಎಚ್' ಎಂದರೆ ಹೆಲ್ಪ್, ಇರುವ ಆಪ್ಷನ್‌ಗಳ ಪಟ್ಟಿಯೇ ಬರುತ್ತದೆ. ನಮಗೆ ಇಷ್ಟವಾದದ್ದು '-ಎಲ್'. ಇದು ಲಿಸ್ಟಿಂಗ್ ಫೈಲ್ ಮಾಡಿಕೊಡುತ್ತದೆ: ಒಂದು ಕಡೆ ನೀವು ಬರೆದ ಪದ, ಇನ್ನೊಂದು ಕಡೆ ಅದಕ್ಕೆ ಸಿಕ್ಕ ಅಂಕಿ. ಹುಡುಗನ ಪ್ರೋಗ್ರಾಮಿನಲ್ಲಿ 'ಮೂವ್ ಎಎಲ್, 5' ಎಂಬ ಸಾಲಿದೆ. ಪ್ರೊಸೆಸರಿನ 'ಎಎಲ್' ಎಂಬ ಪುಟ್ಟ ಖಾನೆಗೆ 5 ಹಾಕು ಎಂದರ್ಥ. ಲಿಸ್ಟಿಂಗ್‌ನಲ್ಲಿ ಅದರ ಪಕ್ಕ 'ಬಿ005' ಎಂದು ಬರುತ್ತದೆ. 'ಬಿ0' ಎಂದರೆ ಎಎಲ್‌ಗೆ ಹಾಕು, '05' ಎಂದರೆ ಐದು. ಮುಂದಿನ ಸಾಲು 'ಆ್ಯಡ್ ಎಎಲ್, 3'. ಅದಕ್ಕೆ '0403'. ಊರ ತುಂಬ ಹರಿದಾಡಿದ 'ಬ್ಯಾಂಕ್ ಕೋಡ್' ಇಷ್ಟೇ: ಐದಕ್ಕೆ ಮೂರು ಕೂಡಿಸು.

ಹಾಗಾದರೆ ಕಪ್ಪು ಪರದೆಗೆ ಹೆದರಲೇಬಾರದಾ?

ಪರದೆಯ ಬಣ್ಣಕ್ಕೆ ಹೆದರಬೇಡಿ. ಯಾರೋ ಕಳಿಸಿದ ಆಜ್ಞೆಯನ್ನು, ಅದರ ಆಪ್ಷನ್ ಏನೆಂದು ತಿಳಿಯದೆ ಅಂಟಿಸಲು ಮಾತ್ರ ಹೆದರಿ. 2024ರಿಂದ ಹಲವು ದೇಶಗಳಲ್ಲಿ ಒಂದು ಮೋಸ ಹರಡಿದೆ. ಯಾವುದೋ ಜಾಲತಾಣ ತೆರೆದಾಗ "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಎಂಬ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ನಿಮಗೆ ಗೊತ್ತಿಲ್ಲದಂತೆ ಆ ಪುಟ ಒಂದು ಆಜ್ಞೆಯನ್ನು ಮೊದಲೇ ಕಾಪಿ ಮಾಡಿ ಇಟ್ಟಿರುತ್ತದೆ, ನೀವೇ ಅದನ್ನು ಅಂಟಿಸಿ ಓಡಿಸುತ್ತೀರಿ. ಅಂಥ ಆಜ್ಞೆಗಳಲ್ಲಿ ಪವರ್‌ಶೆಲ್ ಎಂಬ ಹೆಸರಿನ ಮುಂದೆ ಎರಡು ಆಪ್ಷನ್‌ಗಳು ಮತ್ತೆ ಮತ್ತೆ ಕಾಣುತ್ತವೆ. '-ಡಬ್ಲ್ಯು ಹಿಡನ್' ಎಂದರೆ ಕಿಟಕಿಯನ್ನೇ ತೋರಿಸಬೇಡ. '-ಇಎನ್‌ಸಿ' ಎಂದರೆ ಮುಂದೆ ಬರುವುದು ಓದಲು ಬಾರದಂತೆ ತಿರುಚಿದ ಆಜ್ಞೆ, ಅದನ್ನು ಬಿಡಿಸಿ ಓಡಿಸು. ತಮಾಷೆ ನೋಡಿ, ನಿಜವಾದ ಕಳ್ಳ ಆಜ್ಞೆಗೆ ಕಪ್ಪು ಪರದೆ ಕಾಣಿಸಿಕೊಳ್ಳುವುದೇ ಬೇಡ.

"ನಮ್ಮ ಹತ್ರ ಕಂಪ್ಯೂಟರೇ ಇಲ್ಲ" ಎನ್ನುವವರ ಮೊಬೈಲಿನಲ್ಲೂ ಆಪ್ಷನ್‌ಗಳಿವೆ. "*#21# ಒತ್ತಿ, ನಿಮ್ಮ ಫೋನ್ ಯಾರಾದರೂ ಕದ್ದು ಕೇಳುತ್ತಿದ್ದಾರಾ ಗೊತ್ತಾಗುತ್ತದೆ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು. 21 ಎಂಬುದು ಎಲ್ಲ ಕರೆಗಳನ್ನೂ ಬೇರೆ ನಂಬರಿಗೆ ತಿರುಗಿಸುವ ಸೇವೆಯ ಸಂಖ್ಯೆ. ಅದರ ಹಿಂದಿನ ಚಿಹ್ನೆಗಳೇ ಇಲ್ಲಿ ಆಪ್ಷನ್. *# ಎಂದರೆ "ಈಗ ಸ್ಥಿತಿ ಏನಿದೆ ಹೇಳು". ## ಎಂದರೆ "ತೆಗೆದುಹಾಕು". ಒಂದೇ ನಕ್ಷತ್ರ ಹಾಕಿ, 21 ಬರೆದು, ಮತ್ತೊಂದು ನಕ್ಷತ್ರ, ಒಂದು ಫೋನ್ ನಂಬರ್, ಕೊನೆಗೆ # ಹಾಕಿದರೆ "ನನಗೆ ಬರುವ ಕರೆಯೆಲ್ಲ ಆ ನಂಬರಿಗೆ ಕಳಿಸು". *#21# ತೋರಿಸುವುದು ಕರೆ ತಿರುಗಿಸಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಕದ್ದು ಕೇಳುವುದು ಅದರಿಂದ ತಿಳಿಯುವುದಿಲ್ಲ.

ವಂಚಕರಿಗೆ ಬೇಕಾದದ್ದು ಆ ಒಂದು ನಕ್ಷತ್ರದ ರೂಪ. ಕೊರಿಯರ್ ಬಂದಿದೆ, ಸಿಮ್ ಬಂದ್ ಆಗುತ್ತದೆ ಎಂದೇನೋ ಹೇಳಿ ಇಂಥ ಕೋಡ್ ಒತ್ತಿಸುತ್ತಾರೆ. ಆಮೇಲೆ ಕರೆಯಲ್ಲಿ ಬರುವ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಈ ಕಾರಣಕ್ಕೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಮೂಲಕ ಕರೆ ತಿರುಗಿಸುವ ಸೌಲಭ್ಯ ನಿಲ್ಲಿಸಲು ಕಂಪನಿಗಳಿಗೆ ಸೂಚಿಸಿತ್ತು. ಆದರೂ ಯಾರೋ ಹೇಳಿದರೆಂದು ಏನಾದರೂ ಒತ್ತಿದ್ದರೆ, ##002# ಒತ್ತಿ. ತಿರುಗಿಸಿದ ಎಲ್ಲವನ್ನೂ ಅದು ತೆಗೆಯುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಂದು ಉಪಕಥೆ. ವಾಟ್ಸಾಪ್‌ನಲ್ಲಿ ಬಂದ ಆಜ್ಞೆಯನ್ನು ನೋಡಿಕೊಂಡು ಟೈಪ್ ಮಾಡುವ ವಿದ್ಯಾರ್ಥಿಗಳೂ ಇದ್ದಾರೆ. ಎರಡು ನಕ್ಷತ್ರಗಳ ನಡುವಿನ ಪದವನ್ನು ವಾಟ್ಸಾಪ್ ದಪ್ಪಕ್ಷರ ಮಾಡಿ ನಕ್ಷತ್ರಗಳನ್ನು ಮಾಯ ಮಾಡುತ್ತದೆ. ವರ್ಡ್‌ನಂಥ ತಂತ್ರಾಂಶದಲ್ಲಿ ಬರೆದ ನೋಟ್ಸ್ ಆದರೆ ಚಿಕ್ಕ ಗೆರೆ ಎಷ್ಟೋ ಸಲ ಉದ್ದ ಗೆರೆಯಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಅಸೆಂಬ್ಲರ್‌ಗೆ ಅಲ್ಲ. ಉದ್ದ ಗೆರೆ ಕಂಡರೆ ಅದು ಆಪ್ಷನ್ ಎಂದೇ ತಿಳಿಯುವುದಿಲ್ಲ, ಅಂಥ ಹೆಸರಿನ ಫೈಲ್ ಎಲ್ಲಿದೆ ಎಂದು ಹುಡುಕುತ್ತದೆ. ಲ್ಯಾಬ್ ನೋಟ್ಸ್ ಕಳಿಸುವವರು ದಯವಿಟ್ಟು ಸಾದಾ ಟೆಕ್ಸ್ಟ್ ಫೈಲಾಗಿ ಕಳಿಸಿ.

ನಮ್ಮ ವಿವರಣೆಯನ್ನು ಓದುಗರು ಊರಿನ ಗುಂಪಿಗೆ ಹಾಕಿದರು. ಲ್ಯಾಪ್‌ಟಾಪ್ ಟ್ರಂಕಿನ ಮೇಲಿಂದ ಕೆಳಗಿಳಿಯಿತು. ಹುಡುಗ '-ಎಲ್' ಹಾಕಿ ಲಿಸ್ಟಿಂಗ್ ತೆಗೆದು ಕಾಕಾಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, "ಐದ ಐತಿ, ಮೂರ ಐತಿ. ಎಂಟ ಎಲ್ಲೈತೋ?" ಅಂದರಂತೆ. ಪ್ರಶ್ನೆ ಸರಿಯಾಗಿದೆ. ಕೂಡಿಸುವುದು ಒಂದೇ ಸಾಲು, ಆದರೆ ಉತ್ತರವನ್ನು ಪರದೆಯ ಮೇಲೆ ಬರೆಯಲು ಅಸೆಂಬ್ಲಿಯಲ್ಲಿ ಇನ್ನೂ ಹಲವು ಸಾಲು ಬೇಕು. ಆ ಸಾಲುಗಳನ್ನು ಹುಡುಗ ಇನ್ನೂ ಕಲಿಯುತ್ತಿದ್ದಾನೆ.